ಪಠ್ಯಪುಸ್ತಕದ ಕಣ್ಣಿನ ಚಿತ್ರ ನಿಲ್ಲುವ ಜಾಗ

(ಕೋಲಾರದ ಕಾಲೇಜೊಂದರ ಸಭಾಂಗಣದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಮಾಡಿ ತೋರಿಸಿದ್ದನ್ನು ಓದುಗರು ಮನೆಯಲ್ಲಿಯೂ ಮಾಡಿ ನೋಡಬಹುದೆಂದು ಅಳತೆಗಳನ್ನು ಸೇರಿಸಿದ್ದೇನೆ.)

ಮಾನ್ಯ ಅಧ್ಯಕ್ಷರೇ, ವಿದ್ಯಾರ್ಥಿಗಳೇ, ಅವರನ್ನು ಕರೆತಂದಿರುವ ತಾಯಿತಂದೆಯರೇ,

ಈ ಮೇಜಿನ ಮೇಲಿನ ಸಾಮಾನುಗಳನ್ನು ಕಂಡು ಇದು ಉಪನ್ಯಾಸವೋ ಸಂತೆಯಿಂದ ಬಂದ ಚೀಲವೋ ಎಂಬ ಅನುಮಾನ ಕೆಲವರಿಗಾದರೂ ಬಂದಿರಬೇಕು. ಎರಡು ಟೊಮ್ಯಾಟೊ ಇವೆ, ಒಂದು ಹಣ್ಣು, ಇನ್ನೊಂದು ಕಾಯಿ. ಹಳೆಯ ಲಗ್ನಪತ್ರಿಕೆ, ಗುಂಡುಸೂಜಿ, ಚೌಕಳಿ ಟವೆಲ್, ದಾರಕ್ಕೆ ಕಟ್ಟಿದ ಕಬ್ಬಿಣದ ನಟ್ಟು, ಒಂದೇ ಗಾಜು ಉಳಿದಿರುವ ತಂಪು ಕನ್ನಡಕ ಇವೆ. ಮುಚ್ಚಳ ಹಾಕಿದ ಈ ಸ್ಟೀಲ್ ಡಬ್ಬಿಯೂ ಇದೆ. ಡಬ್ಬಿಯಲ್ಲಿರುವುದು ಬೆಳಿಗ್ಗೆ ಮಟನ್ ಅಂಗಡಿಯಿಂದ ತಂದ ಮೇಕೆಯ ಕಣ್ಣುಗಳು. ನೋಡಲಾಗದವರು ಹಿಂದಿನ ಸಾಲಿಗೆ ಹೋಗಬಹುದು, ಸಂಕೋಚ ಬೇಡ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಪ್ರತಿ ವರ್ಷವೂ ಕಪ್ಪು ಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದಿದ್ದೇನೆ: ಎಡಗಡೆ ನೇರವಾಗಿ ನಿಂತ ಮರ, ನಡುವೆ ಮಸೂರ, ಬಲಗಡೆ ಅಕ್ಷಿಪಟಲದ ಮೇಲೆ ತಲೆಕೆಳಗಾದ ಪುಟ್ಟ ಮರ. ಮಕ್ಕಳು ಅದನ್ನು ಅಚ್ಚುಕಟ್ಟಾಗಿ ಬರೆದು ಭಾಗಗಳನ್ನು ಗುರುತಿಸಿ ಅಂಕ ಪಡೆಯುತ್ತಾರೆ. ಒಮ್ಮೆ ಒಬ್ಬ ಹುಡುಗ, ತಲೆಕೆಳಗಾದ ಮರವನ್ನು ನೋಡುವವರು ಯಾರು ಎಂದು ಕೇಳಿದ. ಮಿದುಳು ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ ಎಂದು ಹೇಳಿ ಕೂರಿಸಿದೆ. ಅದು ಉತ್ತರವಾಗಿರಲಿಲ್ಲವೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಾಗಿತ್ತು. ಪುಸ್ತಕದ ಚಿತ್ರ ಅಕ್ಷಿಪಟಲದವರೆಗೆ ಬಂದು ನಿಂತುಬಿಡುತ್ತದೆ. ನೋಡುವ ಕೆಲಸ ಶುರುವಾಗುವುದೇ ಅಲ್ಲಿಂದ. ಈ ದಿನದ ಪ್ರಯೋಗಗಳೆಲ್ಲವೂ ಆ ಗಡಿಯ ಆಚೆಗಿನವು.

ಆದರೂ ಮೊದಲು ಗಡಿಯನ್ನು ಕೈಯಲ್ಲಿ ಮುಟ್ಟಿ ನೋಡೋಣ. ಮೇಕೆಯ ಕಣ್ಣಿನ ಸುತ್ತಲಿನ ಕೊಬ್ಬನ್ನು ಬಿಡಿಸಿದರೆ ಹಿಂಭಾಗದಲ್ಲಿ ದಾರದ ತುಂಡಿನಂತೆ ಚಾಚಿಕೊಂಡಿರುವುದು ದೃಷ್ಟಿನರ. ಗುಡ್ಡೆಯನ್ನು ಅಡ್ಡಕ್ಕೆ ಕತ್ತರಿಸಿದಾಗ ಮೊಟ್ಟೆಯ ಬಿಳಿಭಾಗದಂತಹ ಲೋಳೆ ಹೊರಬರುತ್ತದೆ, ಅದರ ಜೊತೆಗೆ ಮಸೂರವೂ ಬರುತ್ತದೆ. ತೊಳೆದ ಮಸೂರವನ್ನು ದಿನಪತ್ರಿಕೆಯ ಮೇಲಿಟ್ಟರೆ ಕೆಳಗಿನ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಒಳಗೋಡೆಯಲ್ಲಿ ನವಿಲುಗರಿಯಂತೆ ಹೊಳೆಯುವ ನೀಲಿ-ಹಸಿರು ಪದರವಿದೆ. ರಾತ್ರಿ ವಾಹನದ ಬೆಳಕಿಗೆ ಮೇಕೆಯ ಕಣ್ಣು ಮಿನುಗುವುದು ಇದರಿಂದಲೇ, ಮನುಷ್ಯರ ಕಣ್ಣಿನಲ್ಲಿ ಇದಿಲ್ಲ. ಇದರ ಮೇಲೆ ಹಾಲಿನ ಕೆನೆಯಷ್ಟು ತೆಳುವಾದ ಪದರವೊಂದಿದೆ. ಅದೇ ಅಕ್ಷಿಪಟಲ. ಇಕ್ಕಳದಿಂದ ಮೆಲ್ಲಗೆ ಎಳೆದರೆ ಅದು ಎಲ್ಲ ಕಡೆಯೂ ಸುಲಭವಾಗಿ ಕಿತ್ತು ಬರುತ್ತದೆ. ಒಂದೇ ಒಂದು ಬಿಂದುವಿನಲ್ಲಿ ಮಾತ್ರ ಬಿಡುವುದಿಲ್ಲ. ಹಿಂದಿನಿಂದ ದೃಷ್ಟಿನರ ಬಂದು ಸೇರುವ ಜಾಗ ಅದು. ಆ ಬಿಂದುವನ್ನು ನೆನಪಿನಲ್ಲಿಡಿ, ಅದಕ್ಕೆ ಮತ್ತೆ ಬರುತ್ತೇನೆ.

ಈ ಪದರದ ಮೇಲೆ ಬಿಂಬ ತಲೆಕೆಳಗಾಗಿಯೇ ಬೀಳುತ್ತದೆ ಎಂದು 1604ರಲ್ಲಿ ಜರ್ಮನಿಯ ಖಗೋಳವಿಜ್ಞಾನಿ ಕೆಪ್ಲರ್ ವಾದಿಸಿದ. ಎತ್ತಿನ ಕಣ್ಣಿನ ಹಿಂಭಾಗದ ಗೋಡೆಯನ್ನು ಕೆರೆದು ತೆಗೆದು, ಅಲ್ಲಿ ತೆಳು ಕಾಗದವನ್ನೋ ಮೊಟ್ಟೆಯ ಚಿಪ್ಪನ್ನೋ ಇಟ್ಟರೆ ಆ ಬಿಂಬವನ್ನು ಕಣ್ಣಾರೆ ಕಾಣಬಹುದೆಂದು ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ 1637ರಲ್ಲಿ ಬರೆದ. ಅದಕ್ಕೂ ಬಹಳ ಹಿಂದೆ, ಇಂದಿಗೆ ಸುಮಾರು ಸಾವಿರ ವರ್ಷಗಳ ಕೆಳಗೆ, ಇಬ್ನ್ ಅಲ್-ಹೈತಮ್ ಎಂಬ ಅರಬ್ ವಿದ್ವಾಂಸ ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಯೇ ಹೊರತು ಕಣ್ಣಿನಿಂದ ಹೊರಡುವುದಿಲ್ಲ ಎಂದು ತೋರಿಸಿದ್ದ. ನಮ್ಮ ನ್ಯಾಯದರ್ಶನದವರು ಕಣ್ಣಿನ ತೇಜಸ್ಸೇ ಹೊರಗೆ ಹೋಗಿ ವಸ್ತುವನ್ನು ಮುಟ್ಟುತ್ತದೆ ಎಂದು ನಂಬಿದ್ದರು. ಆ ನಂಬಿಕೆ ಹೋಗಿದೆ, ಮಾತು ಮಾತ್ರ ಉಳಿದಿದೆ: ಇಂದಿಗೂ ನಾವು ನೋಟ ಬೀರುತ್ತೇವೆ, ಮಗುವಿಗೆ ದೃಷ್ಟಿ ತಾಗಿತೆಂದು ನಿವಾಳಿಸುತ್ತೇವೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಗುಂಡುಸೂಜಿಯಿಂದ ಒಂದು ಸಣ್ಣ ತೂತು ಮಾಡಿ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನಿಂದ ನಾಲ್ಕೈದು ಬೆರಳಿನಷ್ಟು ದೂರದಲ್ಲಿ ಕಾಗದವನ್ನು ಹಿಡಿದು, ತೂತಿನ ಮೂಲಕ ಬೆಳಕಿರುವ ಕಿಟಕಿಯನ್ನು ನೋಡಿ. ಸೂರ್ಯನ ಕಡೆ ಮಾತ್ರ ತಿರುಗಬೇಡಿ. ಈಗ ಗುಂಡುಸೂಜಿಯ ತಲೆಯನ್ನು ಮೇಲಕ್ಕೆ ಮಾಡಿ, ಕಾಗದಕ್ಕೂ ಕಣ್ಣಿಗೂ ನಡುವೆ, ರೆಪ್ಪೆಗೆ ತೀರ ಹತ್ತಿರದಲ್ಲಿ, ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ ತನ್ನಿ. ಸೂಜಿ ಮೇಲಿನಿಂದ, ತಲೆಕೆಳಗಾಗಿ ಇಳಿದು ಬರುವಂತೆ ಕಾಣುತ್ತದೆ. ಸಭೆಯಲ್ಲಿ ಮೊದಲು ಇಬ್ಬರು ಕೂಗಿದರು, ಆಮೇಲೆ ಸಾಲುಸಾಲಾಗಿ ಕೂಗು ಎದ್ದಿತು.

ನಡೆದದ್ದು ಇಷ್ಟು. ಸೂಜಿ ಕಣ್ಣಿಗೆ ತೀರ ಹತ್ತಿರವಿರುವುದರಿಂದ ಮಸೂರ ಅದರ ಬಿಂಬವನ್ನು ರೂಪಿಸಲಾರದು. ತೂತಿನಿಂದ ಬರುವ ಬೆಳಕಿನಲ್ಲಿ ಸೂಜಿಯ ನೆರಳು ಮಾತ್ರ ಅಕ್ಷಿಪಟಲದ ಮೇಲೆ ಬೀಳುತ್ತದೆ, ಅದೂ ನೇರವಾಗಿ. ನೇರವಾಗಿ ಬಿದ್ದ ನೆರಳು ತಲೆಕೆಳಗಾಗಿ ಕಾಣುತ್ತದೆ. ಅಂದರೆ ಅಕ್ಷಿಪಟಲದ ಕೆಳಭಾಗಕ್ಕೆ ಏನೇ ತಾಗಿದರೂ ಅದು ಹೊರಲೋಕದ ಮೇಲ್ಭಾಗದಲ್ಲಿದೆ ಎಂಬ ಹೊಂದಾಣಿಕೆಯಲ್ಲಿ ನಮ್ಮ ನೋಟ ನಡೆಯುತ್ತಿದೆ. ಒಳಗೆ ಯಾರೋ ಕುಳಿತು ಚಿತ್ರವನ್ನು ತಿರುಗಿಸುತ್ತಿಲ್ಲ. ಯಾವ ಜಾಗದ ಸುದ್ದಿಗೆ ಯಾವ ದಿಕ್ಕಿನ ಅರ್ಥ ಎಂಬುದಷ್ಟೇ ಅಲ್ಲಿ ತೀರ್ಮಾನವಾಗಿದೆ. ಆ ಹುಡುಗನನ್ನು ಕೂರಿಸುವ ಬದಲು ಅವನ ಕೈಗೆ ಒಂದು ಗುಂಡುಸೂಜಿ ಕೊಡಬೇಕಾಗಿತ್ತು.

ಅದೇ ಕಾಗದ, ಅದೇ ತೂತು. ಈಗ ಸೂಜಿಯನ್ನು ಬದಿಗಿಟ್ಟು, ತೂತನ್ನು ಕಣ್ಣಿನ ಹತ್ತಿರಕ್ಕೇ ತಂದು, ಕಾಗದವನ್ನು ಸಣ್ಣ ವೃತ್ತದಲ್ಲಿ ಬೇಗಬೇಗ ಆಡಿಸುತ್ತ ಬಿಳಿ ಆಕಾಶದ ಕಡೆ ನೋಡಿದರೆ, ಎಲೆ ಉದುರಿದ ಮರದ ಕೊಂಬೆಗಳಂತಹ ಕಪ್ಪು ಗೆರೆಗಳು ಮೂಡುತ್ತವೆ. ಅವು ನಿಮ್ಮದೇ ಅಕ್ಷಿಪಟಲದ ರಕ್ತನಾಳಗಳ ನೆರಳುಗಳು. ಹುಟ್ಟಿದಾಗಿನಿಂದ ನೋಟಕ್ಕೆ ಅಡ್ಡವಾಗಿಯೇ ಇರುವ ಈ ನಾಳಗಳು ಕಾಣದಿರುವುದಕ್ಕೆ ಕಾರಣ, ಅವುಗಳ ನೆರಳು ಸದಾ ಒಂದೇ ಜಾಗದಲ್ಲಿ ಬೀಳುವುದು. ಅಲುಗದೆ ಇರುವುದನ್ನು ನಮ್ಮ ನೋಟ ಕೈಬಿಡುತ್ತದೆ. ಕೈ ನಿಲ್ಲಿಸಿದ ಕೂಡಲೇ ಮರ ಮಾಯವಾಗುವುದನ್ನು ಗಮನಿಸಿ. ಜೆಕ್ ವೈದ್ಯ ಪುರ್ಕಿನ್ಯೆ ಸುಮಾರು ಇನ್ನೂರು ವರ್ಷಗಳ ಹಿಂದೆ ಇದನ್ನು ವಿವರಿಸಿದ್ದರಿಂದ ಇದಕ್ಕೆ ಪುರ್ಕಿನ್ಯೆ ಮರ ಎಂಬ ಹೆಸರಿದೆ. ಅವನ ಹೆಸರು ಮುಂದೆ ಟೊಮ್ಯಾಟೊ ವಿಚಾರದಲ್ಲಿಯೂ ಬರುತ್ತದೆ.

ಅಕ್ಷಿಪಟಲ ಅಂಟಿಕೊಂಡಿದ್ದ ಬಿಂದುವನ್ನು ನೆನಪಿಸಿಕೊಳ್ಳಿ. ಸುಮಾರು ಹತ್ತು ಲಕ್ಷ ನರತಂತುಗಳು ಕಟ್ಟಾಗಿ ಹೊರಹೋಗುವ ಆ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಗೆ ಸ್ಥಳವೇ ಇಲ್ಲ. ಬಿಳಿ ಹಾಳೆಯ ಮೇಲೆ ಎಡಕ್ಕೆ ಒಂದು ಕೂಡು ಚಿಹ್ನೆ, ಅದರ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಕಡಲೆಕಾಳಿನಷ್ಟು ಒಂದು ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಚಿಹ್ನೆಯ ಮೇಲೆಯೇ ನೆಟ್ಟು, ಹಾಳೆಯನ್ನು ಮುಂದಕ್ಕೂ ಹಿಂದಕ್ಕೂ ಸರಿಸಿದರೆ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಇಲ್ಲವಾಗುತ್ತದೆ. ನೋಟದ ನೇರದಿಂದ ಹೊರಬದಿಗೆ ಸುಮಾರು 15 ಡಿಗ್ರಿ ದೂರದಲ್ಲಿ, ಐದೂವರೆ ಡಿಗ್ರಿಯಷ್ಟು ಅಗಲದ ಕುರುಡು ಚುಕ್ಕೆ ಎಲ್ಲರಿಗೂ ಇದೆ. ಕೈಯಳತೆಯ ದೂರದಲ್ಲಿ ಒಂದು ಟೊಮ್ಯಾಟೊ ಅದರೊಳಗೆ ಅಡಗುತ್ತದೆ. 3 ಮೀಟರ್ ದೂರದಲ್ಲಿ ಒಂದು ತಲೆಯೇ ಅಡಗುತ್ತದೆ. ಮುಂದಿನ ಸಾಲಿನವರು ಎಡಗಣ್ಣು ಮುಚ್ಚಿ, ಅಧ್ಯಕ್ಷರಿಂದ ಎಡಕ್ಕೆ 80 ಸೆಂಟಿಮೀಟರ್ ದೂರದಲ್ಲಿದ್ದ ದೀಪದ ಕಂಬದ ಮೇಲೆ ದೃಷ್ಟಿ ನೆಟ್ಟಾಗ ಅಧ್ಯಕ್ಷರ ಶಿರಸ್ಸು ಮಾಯವಾಯಿತು. ಅವರು ನಕ್ಕರು, ಅದಕ್ಕಾಗಿ ಅವರಿಗೆ ನಾನು ಋಣಿ.

ಫ್ರಾನ್ಸಿನ ಎಡ್ಮ್ ಮಾರಿಯೋಟ್ ಇದನ್ನು ಪತ್ತೆಮಾಡಿದ್ದು 1660ರ ದಶಕದಲ್ಲಿ. ಸಾವಿರಾರು ವರ್ಷ ಮನುಷ್ಯರು ಇಷ್ಟು ದೊಡ್ಡ ತೂತನ್ನು ಕಣ್ಣಿನಲ್ಲಿಟ್ಟುಕೊಂಡು ಓಡಾಡಿದರೂ ಯಾರಿಗೂ ಕಾಣಲಿಲ್ಲವೇಕೆ? ಎರಡು ಕಣ್ಣುಗಳ ಕುರುಡು ಚುಕ್ಕೆಗಳು ಬೇರೆ ಬೇರೆ ಕಡೆ ಬೀಳುವುದರಿಂದ ಒಂದು ಇನ್ನೊಂದರ ಕೊರತೆಯನ್ನು ತುಂಬುತ್ತದೆ ಎನ್ನುವುದು ಅರ್ಧ ಉತ್ತರ. ಉಳಿದರ್ಧಕ್ಕೆ ಈ ಟವೆಲ್ ಬೇಕು. ಹಾಳೆಯ ಬದಲು ಚೌಕಳಿ ಟವೆಲ್ಲಿನ ಮೇಲೆ ಅದೇ ಅಂತರದಲ್ಲಿ ಎರಡು ಬಿಳಿ ಗುಂಡಿಗಳನ್ನಿಟ್ಟು, ಎಡಗಡೆಯ ಗುಂಡಿಯನ್ನು ಬಲಗಣ್ಣಿನಿಂದ ನೋಡುತ್ತ ಬಲಗಡೆಯದು ಮಾಯವಾಗುವಂತೆ ಮಾಡಿ. ಅಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬಿಳಿ ಖಾಲಿಯೂ ಕಾಣುವುದಿಲ್ಲ. ಚೌಕಳಿಯೇ ಮುಂದುವರಿದಂತೆ ಕಾಣುತ್ತದೆ. ಕಣ್ಣಿನಿಂದ ಸುದ್ದಿಯೇ ಬಾರದ ಜಾಗಕ್ಕೆ ಮಿದುಳು ನೆರೆಹೊರೆಯನ್ನು ನೋಡಿ ಬಟ್ಟೆ ನೇಯುತ್ತದೆ. ನನ್ನ ಮಟ್ಟಿಗೆ ಈ ದಿನದ ಪ್ರಯೋಗಗಳಲ್ಲಿ ಮುಖ್ಯವಾದದ್ದು ಇದೇ. ಕಾಣದಿದ್ದರೆ ಕಾಣದು ಎಂದು ಗೊತ್ತಾಗುತ್ತದೆ ಎಂಬ ನಮ್ಮ ಭರವಸೆ ಇಲ್ಲಿ ಸುಳ್ಳಾಗುತ್ತದೆ.

ಕುರುಡು ಚುಕ್ಕೆಯ ಹೊರಗೂ ನಮ್ಮ ನೋಟ ಎಲ್ಲ ಕಡೆ ಸಮನಾಗಿ ತಿಳಿಯಾಗಿಲ್ಲ. ತೋಳು ಚಾಚಿದಾಗ ಹೆಬ್ಬೆರಳಿನ ಉಗುರು ಮರೆಮಾಡುವಷ್ಟು ಜಾಗದಲ್ಲಿ ಮಾತ್ರ ಅಚ್ಚುಕಟ್ಟಾದ ವಿವರ ಸಿಗುತ್ತದೆ. ದಿನಪತ್ರಿಕೆಯ ಒಂದು ಪದದ ಮೇಲೆ ಕಣ್ಣು ನೆಟ್ಟು, ಕದಲಿಸದೆ, ನಾಲ್ಕೈದು ಸಾಲಿನ ಕೆಳಗಿನ ಪದವನ್ನು ಓದಲು ಪ್ರಯತ್ನಿಸಿದರೆ ಇದು ಗೊತ್ತಾಗುತ್ತದೆ. ಉಳಿದ ಕಡೆಯ ಮಬ್ಬು ನಮ್ಮ ಅರಿವಿಗೆ ಬಾರದಿರುವುದಕ್ಕೆ ಕಾರಣ, ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ನೆಗೆದು ಬೇಕಾದ ಕಡೆಗೆ ಉಗುರಗಲದ ನೋಟವನ್ನು ಒಯ್ಯುತ್ತಿರುವುದು. ಆ ನೆಗೆತವನ್ನು ಕನ್ನಡಿಯಲ್ಲಿ ನೋಡಿಕೊಳ್ಳಲು ಹೋಗಿ, ನಿಮ್ಮ ಎಡಗಣ್ಣಿನಿಂದ ಬಲಗಣ್ಣಿಗೆ ದೃಷ್ಟಿ ಬದಲಿಸಿ: ಕಣ್ಣು ಕದಲಿದ್ದು ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ನೆಗೆತದ ಹೊತ್ತಿನ ಕಲಸಿದ ನೋಟ ನಮ್ಮ ಅರಿವಿಗೆ ಬಾರದಂತೆ ತಡೆಯಾಗುತ್ತದೆ. ಕನ್ನಡಿಯ ಬದಲು ಮೊಬೈಲಿನ ಸೆಲ್ಫಿ ಕ್ಯಾಮೆರಾ ಇಟ್ಟುಕೊಂಡರೆ ಕದಲಿದ್ದು ಕಾಣುತ್ತದೆ, ಏಕೆಂದರೆ ಪರದೆಗೆ ಚಿತ್ರ ಬರುವುದು ಚೂರು ತಡವಾಗಿ. ಅಷ್ಟರಲ್ಲಿ ಕಣ್ಣು ತಂಗಿರುತ್ತದೆ.

ಈಗ ಟೊಮ್ಯಾಟೊ. ಕೋಲಾರದಲ್ಲಿ ನಿಂತು ಟೊಮ್ಯಾಟೊ ಬಗ್ಗೆ ಮಾತನಾಡುವುದಕ್ಕೆ ಧೈರ್ಯ ಬೇಕು. ಇಲ್ಲಿರುವವರಲ್ಲಿ ಅನೇಕರಿಗೆ 15 ಕೆಜಿ ಬಾಕ್ಸಿನ ಬೆಲೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೇಳುವುದು ಬೆಲೆಯನ್ನಲ್ಲ, ಬಣ್ಣವನ್ನು. ನಸುಕಿನಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ತೋಟದೊಳಗೆ ಕಾಲಿಟ್ಟವರಿಗೆ ಹಣ್ಣು ಯಾವ ಬಣ್ಣದಲ್ಲಿ ಕಾಣುತ್ತದೆ? ಹಿಂದಿನ ಸಾಲಿನಿಂದ ಒಬ್ಬ ತಾಯಿ ‘ಕರೀದು’ ಎಂದರು. ಸರಿ. ಹಣ್ಣಾದ ಟೊಮ್ಯಾಟೊ ಇದ್ದಲಿನಂತೆ ಕಪ್ಪಾಗಿ, ಎಲೆ ಮತ್ತು ಕಾಯಿ ಬೂದು ಬೆಳ್ಳಗೆ ಕಾಣುತ್ತವೆ. ಹಗಲಿನಲ್ಲಿ ಎದ್ದು ಕಾಣುವುದು ನಸುಕಿನಲ್ಲಿ ಮೊದಲು ಅಡಗುತ್ತದೆ. ಕೋಣೆಯ ಕಿಟಕಿ ಮುಚ್ಚಿ, ಬಾಗಿಲಿನ ಸಂದಿಯಷ್ಟೇ ಬೆಳಕು ಬಿಟ್ಟು ಹತ್ತಿಪ್ಪತ್ತು ನಿಮಿಷ ಕುಳಿತರೆ ಮನೆಯಲ್ಲಿಯೂ ಇದನ್ನು ಕಾಣಬಹುದು. ಪುರ್ಕಿನ್ಯೆ ಮುಂಜಾವಿನಲ್ಲಿ ಕೆಂಪು ಹೂಗಳನ್ನು ನೋಡಿ ಗಮನಿಸಿದ್ದು ಇದನ್ನೇ.

ನಮ್ಮ ಒಂದೊಂದು ಕಣ್ಣಿನಲ್ಲೂ ಎರಡು ಬಗೆಯ ಕೆಲಸಗಾರರಿದ್ದಾರೆ. ಸುಮಾರು 60 ಲಕ್ಷ ಶಂಕುಕೋಶಗಳು ಹಗಲಿನವು, ಬಣ್ಣ ಬಲ್ಲವು. ಸುಮಾರು 12 ಕೋಟಿ ದಂಡಕೋಶಗಳು ಇರುಳಿನವು, ಬಣ್ಣ ಅರಿಯವು. ಶಂಕುಕೋಶಗಳು ಒಟ್ಟಾರೆಯಾಗಿ 555 ನ್ಯಾನೊಮೀಟರ್ ತರಂಗಾಂತರದ ಹಳದಿ-ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸಿದರೆ, ದಂಡಕೋಶಗಳಿಗೆ 507ರ ಸುತ್ತಲಿನ ನೀಲಿ-ಹಸಿರು ಹೆಚ್ಚು ಹಿತ, ಕಡುಗೆಂಪು ಹೆಚ್ಚುಕಡಿಮೆ ಇಲ್ಲದ ಹಾಗೆಯೇ. ಪಾಳಿ ಬದಲಾಗುವಾಗ ಟೊಮ್ಯಾಟೊ ಕಪ್ಪಾಗುವುದು ಅದಕ್ಕಾಗಿ. ಈ ಪಾಳಿ ಬದಲಾಗುವುದು ನಿಧಾನ: ಶಂಕುಕೋಶಗಳು ಹತ್ತು ನಿಮಿಷದೊಳಗೆ ಕತ್ತಲೆಗೆ ಹೊಂದಿಕೊಂಡರೆ, ದಂಡಕೋಶಗಳು ಪೂರ್ತಿ ಸಜ್ಜಾಗಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ಒಂದು ಕಣ್ಣಿಗೆ ದಪ್ಪ ಬಟ್ಟೆ ಕಟ್ಟಿಕೊಂಡಿದ್ದು, ಆಮೇಲೆ ಮಬ್ಬುಗತ್ತಲೆಯ ಕೋಣೆಗೆ ಹೋಗಿ ಕಟ್ಟು ಬಿಚ್ಚಿ ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ, ಒಂದೇ ಕೋಣೆ ಒಂದು ಕಣ್ಣಿಗೆ ಕಂಡು ಇನ್ನೊಂದಕ್ಕೆ ಕಾಣದಿರುವ ವಿಚಿತ್ರವನ್ನು ಅನುಭವಿಸಬಹುದು. ದಂಡಕೋಶಗಳ ವರ್ಣದ್ರವ್ಯಕ್ಕೆ ಎ ಜೀವಸತ್ವ ಬೇಕು. ಅದು ಸಾಲದೆ ಹೋದರೆ ಇರುಳುಗಣ್ಣು ಬರುತ್ತದೆ. ನುಗ್ಗೆಸೊಪ್ಪನ್ನು ಹೊಗಳುವ ಅಜ್ಜಿಯರ ಮಾತಿಗೆ ಇಷ್ಟು ಆಧಾರವಿದೆ.

ನೋಟದ ನಡುಮಧ್ಯದಲ್ಲಿ, ಆ ಉಗುರಗಲದ ಜಾಗದ ತಿರುಳಿನಲ್ಲಿ, ದಂಡಕೋಶಗಳೇ ಇಲ್ಲ. ಆದ್ದರಿಂದ ಮಸುಕಾದ ನಕ್ಷತ್ರವನ್ನು ನೇರವಾಗಿ ನೋಡಿದರೆ ಅಡಗುತ್ತದೆ, ಓರೆಗಣ್ಣಿನಲ್ಲಿ ನೋಡಿದರೆ ಕಾಣುತ್ತದೆ. ಅಂತರಗಂಗೆಯ ಬೆಟ್ಟದ ಆಚೆ, ಊರಿನ ದೀಪಗಳು ತಾಗದ ಕಡೆ ನಿಂತು ಕೃತ್ತಿಕೆಯ ಗೊಂಚಲಿನ ಪಕ್ಕಕ್ಕೆ ಕಣ್ಣಿಟ್ಟು ಎಣಿಸಿ, ಮತ್ತೆ ನೇರವಾಗಿ ನೋಡಿ ಎಣಿಸಿ. ಲೆಕ್ಕ ಬೇರೆ ಬರುತ್ತದೆ. ಮದುವೆಯಲ್ಲಿ ತೋರಿಸುವ ಅರುಂಧತಿಯೂ ಇಂತಹದೇ ಪರೀಕ್ಷೆ. ವಸಿಷ್ಠನಿಗೂ ಅವಳಿಗೂ ನಡುವಿನ ಅಂತರ ಸುಮಾರು 12 ಕಲೆ (ಒಂದು ಡಿಗ್ರಿಗೆ 60 ಕಲೆ), ಅಂದರೆ ಹುಣ್ಣಿಮೆಯ ಚಂದ್ರನ ಅಗಲದ ಅರ್ಧಕ್ಕೂ ಕಡಿಮೆ. ಒಳ್ಳೆಯ ಕಣ್ಣು ಒಂದು ಕಲೆಯ ಅಂತರವನ್ನೂ ಬಿಡಿಸಬಲ್ಲದಾದ್ದರಿಂದ ಇಬ್ಬರನ್ನು ಬೇರೆಯಾಗಿ ಕಾಣುವುದು ಕಷ್ಟವಲ್ಲ. ಕಷ್ಟವಿರುವುದು ಅವಳ ಮಂದ ಬೆಳಕಿನಲ್ಲಿ. ಮಟಮಟ ಮಧ್ಯಾಹ್ನ ಪುರೋಹಿತರು ಬೆರಳು ತೋರಿದ ಕಡೆ ನೋಡಿ ತಲೆಯಾಡಿಸುವ ವಧೂವರರ ಕಣ್ಣಿನ ಬಗ್ಗೆ ನಾನೇನೂ ಹೇಳಲಾರೆ.

ಬಣ್ಣದ ವಿಷಯದಲ್ಲಿ ಒಂದೇ ಪ್ರಯೋಗ ಮಾಡಿದೆ. ಚೆನ್ನಾಗಿ ಬೆಳಕಿರುವ ಕಡೆ ಕೆಂಪು ಟೊಮ್ಯಾಟೊವನ್ನು ಬಿಳಿ ಹಾಳೆಯ ಮೇಲಿಟ್ಟು ಅರ್ಧ ನಿಮಿಷ ಕದಲದೆ ನೋಡಿ, ಹಣ್ಣನ್ನು ತೆಗೆದರೆ ಅದರ ಜಾಗದಲ್ಲಿ ತಿಳಿ ನೀಲಿ-ಹಸಿರು ಹಣ್ಣು ತೇಲುತ್ತದೆ. ಕೆಂಪಿಗೆ ಸ್ಪಂದಿಸಿದ ಕೋಶಗಳು ಬಳಲಿದ್ದರಿಂದ ಉಳಿದವುಗಳ ದನಿ ಮೇಲಾಗಿದೆ. ಆ ತೇಲುವ ಹಣ್ಣನ್ನು ಮೊದಲು ಅಂಗೈ ಮೇಲೆ, ಆಮೇಲೆ ದೂರದ ಗೋಡೆಯ ಮೇಲೆ ಇಟ್ಟು ನೋಡಿ. ಅಂಗೈ ಮೇಲೆ ನಿಂಬೆಯಷ್ಟಿದ್ದದ್ದು ಗೋಡೆಯ ಮೇಲೆ ಕುಂಬಳಕಾಯಿಯಷ್ಟಾಗುತ್ತದೆ. ಅಕ್ಷಿಪಟಲದ ಮೇಲಿನ ಬಳಲಿದ ಜಾಗದ ಅಳತೆ ಕೂದಲೆಳೆಯಷ್ಟೂ ಬದಲಾಗಿಲ್ಲ. ದೂರವನ್ನು ಲೆಕ್ಕ ಹಾಕಿ ಗಾತ್ರವನ್ನು ನಿರ್ಧರಿಸುವುದು ಮಿದುಳು. ಎಮರ್ಟ್ ಎಂಬಾತ 1881ರಲ್ಲಿ ಇದನ್ನು ನಿಯಮವಾಗಿ ಬರೆದ. ನಮ್ಮ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೂಗಳ ಬಣ್ಣವನ್ನೂ ಬಣ್ಣದ ನೋಟವನ್ನೂ ಹೀಗೆಯೇ ತಮ್ಮ ಕಣ್ಣನ್ನೇ ಉಪಕರಣ ಮಾಡಿಕೊಂಡು ಅಭ್ಯಾಸ ಮಾಡಿದ್ದರು. ಬಣ್ಣ ಗ್ರಹಿಸುವ ಮೂರು ಬಗೆಯ ಕೋಶಗಳಿಂದ ಬಣ್ಣದ ನೋಟ ಹುಟ್ಟುತ್ತದೆ ಎಂಬ ವಾದವನ್ನು ಅವರು ಒಪ್ಪಲಿಲ್ಲ. ಮುಂದೆ ಸಿಕ್ಕ ಪುರಾವೆಗಳು ಅವರ ಪರವಾಗಿ ನಿಲ್ಲಲಿಲ್ಲ. ದೊಡ್ಡವರೂ ತಪ್ಪುತ್ತಾರೆಂದು ಹೇಳಲು ಇದನ್ನು ಎತ್ತಲಿಲ್ಲ. ಎಂಬತ್ತರ ಅಂಚಿನಲ್ಲಿಯೂ ಹೂವೊಂದನ್ನು ಕೈಯಲ್ಲಿ ಹಿಡಿದು ಇದು ಹೀಗೇಕೆ ಕಾಣುತ್ತದೆ ಎಂದು ಕೇಳಿದವರು ನಮ್ಮ ಪಕ್ಕದ ಊರಿನಲ್ಲಿದ್ದರು.

ಕೊನೆಯದು ನಟ್ಟಿನ ಲೋಲಕ. ಸುಮಾರು ಒಂದು ಮೀಟರ್ ದಾರ. ಎಡಕ್ಕೂ ಬಲಕ್ಕೂ ಒಂದೇ ಸಮತಲದಲ್ಲಿ ತೂಗಲಿ. ನೀವು ಎದುರಿಗೆ ನಿಂತು, ಎರಡೂ ಕಣ್ಣು ತೆರೆದು, ಬಲಗಣ್ಣಿಗೆ ಮಾತ್ರ ತಂಪು ಕನ್ನಡಕದ ಗಾಜನ್ನು ಹಿಡಿಯಿರಿ. ನಟ್ಟು ತೂಗುವುದನ್ನು ಬಿಟ್ಟು ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ: ಎಡದಿಂದ ಬಲಕ್ಕೆ ಹೋಗುವಾಗ ನಿಮಗೆ ಹತ್ತಿರ, ಬಲದಿಂದ ಎಡಕ್ಕೆ ಬರುವಾಗ ದೂರ. ಗಾಜನ್ನು ಎಡಗಣ್ಣಿಗೆ ಬದಲಿಸಿದರೆ ಸುತ್ತುವ ದಿಕ್ಕು ತಿರುಗುತ್ತದೆ. ಮಬ್ಬು ಬೆಳಕಿನ ಸುದ್ದಿ ಕಣ್ಣಿನಿಂದ ಮಿದುಳಿಗೆ ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ತಡವಾಗಿ ತಲುಪುತ್ತದೆ. ಹಾಗಾಗಿ ಗಾಜಿನ ಹಿಂದಿನ ಕಣ್ಣು ನಟ್ಟನ್ನು ಅದು ಸ್ವಲ್ಪ ಹೊತ್ತಿಗೆ ಮುಂಚೆ ಇದ್ದ ಜಾಗದಲ್ಲಿ ಕಾಣುತ್ತದೆ. ಎರಡು ಕಣ್ಣುಗಳ ಸುದ್ದಿ ಹೊಂದದಿರುವುದನ್ನು ಮಿದುಳು ತಡವೆಂದು ಓದುವುದಿಲ್ಲ, ಆಳವೆಂದು ಓದುತ್ತದೆ. 1922ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಕಾರ್ಲ್ ಪುಲ್ಫ್ರಿಖ್ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ. ತನ್ನ ಹೆಸರಿನ ಈ ನೋಟವನ್ನು ಅವನು ಕಾಣುವಂತಿರಲಿಲ್ಲ. ಇಷ್ಟು ಪ್ರಯೋಗಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಇದು, ಕನ್ನಡಕದ ಒಂದು ಗಾಜು ಒಡೆದದ್ದು ಮೊದಲ ಬಾರಿಗೆ ಉಪಯೋಗಕ್ಕೆ ಬಂದಿದ್ದರಿಂದಲೂ ಇರಬಹುದು.

ಪ್ರಶ್ನೆಗಳ ಹೊತ್ತಿನಲ್ಲಿ ಕೆಜಿಎಫ್‌ನಿಂದ ಬಂದಿದ್ದ ಹಿರಿಯರೊಬ್ಬರು ಎದ್ದು ನಿಂತರು. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೆ ಒಳಗೆ ಇಳಿದು ದುಡಿದವರಂತೆ. ‘ಸಾರ್, ಕೆಳಗೆ ಟೋಪಿಯ ದೀಪ ಆರಿಸಿಬಿಟ್ಟರೆ ಏನೇನೂ ಕಾಣಲ್ಲ. ಆದರೆ ಮುಖದ ಮುಂದೆ ನನ್ನ ಕೈ ಆಡಿಸಿದರೆ ಅದು ಮಾತ್ರ ಕಾಣ್ತಿತ್ತು. ಪಕ್ಕದವನ ಕೈ ಕಾಣ್ತಿರಲಿಲ್ಲ. ಹೇಳಿದರೆ ಎಲ್ಲರೂ ನಗ್ತಿದ್ದರು’ ಎಂದರು. ನಾನು ನಗಲಿಲ್ಲ. 2013ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷಿಸಿ, ಸುಮಾರು ಅರ್ಧದಷ್ಟು ಜನರಿಗೆ ಸಂಪೂರ್ಣ ಕತ್ತಲೆಯಲ್ಲಿ ತಮ್ಮ ಕೈಯ ಚಲನೆ ಕಂಡಂತಾಗುತ್ತದೆ ಎಂದು ವರದಿ ಮಾಡಿದ್ದಾರೆ. ಬೇರೆಯವರ ಕೈಗೆ ಹಾಗಾಗುವುದಿಲ್ಲ. ತೋಳಿಗೆ ಕೊಟ್ಟ ಅಪ್ಪಣೆಯನ್ನು ಆಧರಿಸಿ, ಕೈ ಎಲ್ಲಿರಬೇಕೋ ಅಲ್ಲಿ ಅದನ್ನು ಮಿದುಳು ಕಾಣಿಸುತ್ತದೆ. ಅಕ್ಷಿಪಟಲದ ಮೇಲೆ ಆಗ ಏನೂ ಬಿದ್ದಿರುವುದಿಲ್ಲ.

ಮಾಡಿ ನೋಡಲೇಬೇಕೆಂದು ಮಕ್ಕಳು ಹಟ ಹಿಡಿದರು. ವೇದಿಕೆಯ ಹಿಂದಿನ ಸಾಮಾನು ಕೋಣೆಗೆ ನಾವು ಏಳೆಂಟು ಜನ ಹೋಗಿ ಬಾಗಿಲು ಹಾಕಿಕೊಂಡೆವು. ಸಾಕಷ್ಟು ಕತ್ತಲೆಯಾಯಿತೆಂದು ನಾನು ಅಂದುಕೊಂಡೆ. ‘ಇದು ಕತ್ತಲೆ ಅಲ್ಲ ಸಾರ್’ ಎಂದು ಹಿರಿಯರು ಬಾಗಿ, ಹೊಸ್ತಿಲ ಸಂದಿಗೆ ನನ್ನ ಚೌಕಳಿ ಟವೆಲ್ ತುರುಕಿದರು. ಕೀಲಿಯ ತೂತಿಗೆ ಲಗ್ನಪತ್ರಿಕೆಯನ್ನು ಮಡಚಿ ಸಿಕ್ಕಿಸಿದರು. ಎಲ್ಲರ ಮೊಬೈಲನ್ನೂ ಹೊರಗೆ ಕಳುಹಿಸಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬ ಹುಡುಗಿ ‘ನಂದು ಕಾಣಿಸ್ತಿದೆ, ಇವಳದ್ದು ಕಾಣಿಸ್ತಿಲ್ಲ’ ಎಂದಳು. ‘ಕೈ ಆಡಿಸೋದು ನಿಲ್ಲಿಸು, ಹೋಗ್ತದೆ’ ಎಂದರು ಹಿರಿಯರು. ಅವಳು ನಿಲ್ಲಿಸಿರಬೇಕು. ‘ಹೋಯ್ತು’ ಎಂದಳು.